ಕಣ ಬೆಳೆಯುವ ಹೊತ್ತಿನಲ್ಲಿ ಬೆಳಕು ಏನು ಹೇಳುತ್ತದೆ

ರಸಾಯನಶಾಸ್ತ್ರ ಓದಿದವರಲ್ಲಿ ಹಲವರು ಈ ಪ್ರಯೋಗ ಮಾಡಿರುತ್ತಾರೆ. ಬಿಳಿ ಹಾಳೆಯ ಮೇಲೆ ಇಂಟು ಗುರುತು ಹಾಕಿ, ಅದರ ಮೇಲೆ ಸೋಡಿಯಂ ಥಯೋಸಲ್ಫೇಟ್ ದ್ರಾವಣದ ಫ್ಲಾಸ್ಕ್ ಇಟ್ಟು, ಹೈಡ್ರೋಕ್ಲೋರಿಕ್ ಆಮ್ಲ ಸುರಿದ ಕೂಡಲೇ ಸ್ಟಾಪ್‌ವಾಚ್ ಒತ್ತುವುದು. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ದ್ರಾವಣ ಮಸುಕಾಗುತ್ತ ಹೋಗಿ ಗುರುತು ಕಾಣದಾಗುತ್ತದೆ. ಎಷ್ಟು ಸೆಕೆಂಡು ಹಿಡಿಯಿತು ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದರೆ ಪ್ರಯೋಗ ಮುಗಿಯಿತು. ಅದೇ ದ್ರಾವಣವನ್ನು ಚೆನ್ನಾಗಿ ತೆಳುವಾಗಿಸಿ, ಕತ್ತಲ ಕೋಣೆಯಲ್ಲಿಟ್ಟು ಒಂದು ಬದಿಯಿಂದ ಟಾರ್ಚ್ ಬಿಟ್ಟರೆ ಇನ್ನೂ ಹೆಚ್ಚಿನದು ಕಾಣುತ್ತದೆ. ಮೊದಲು ಪಕ್ಕದಿಂದ ನೋಡಿದವರಿಗೆ ತೆಳುನೀಲಿ ಬೆಳಕು. ಫ್ಲಾಸ್ಕನ್ನು ಹಾದು ಆಚೆ ಬರುವ ಬೆಳಕು ಹಳದಿ, ಆಮೇಲೆ ಕಿತ್ತಳೆ. ಹೊತ್ತು ಕಳೆದಂತೆ ನೀಲಿ ಹೋಗಿ ಹಾಲಿನ ಬಿಳುಪು ಬರುತ್ತದೆ. ಆಮ್ಲ ಸೇರಿದಾಗ ಹುಟ್ಟಿದ ಗಂಧಕದ ಕಣಗಳು ನ್ಯಾನೊಮೀಟರ್ ಲೆಕ್ಕದಿಂದ ಮೈಕ್ರೋಮೀಟರ್ ಲೆಕ್ಕಕ್ಕೆ ಬೆಳೆಯುತ್ತಿವೆ. ಆ ಬೆಳವಣಿಗೆಯೇ ಬಣ್ಣವಾಗಿ ಕಾಣುತ್ತಿರುವುದು.

ದ್ರವದಲ್ಲಿ ತೇಲುವ ಕಣಗಳು ಕಾಲ ಕಳೆದಂತೆ ಹೇಗೆ ಬದಲಾಗುತ್ತವೆ ಎಂಬ ಪ್ರಶ್ನೆಗೆ ಬಹಳ ಮುಖಗಳಿವೆ. ಹಾಲು ಹೆಪ್ಪಾಗುವುದು, ಇನ್ಸುಲಿನ್ ಸೀಸೆಯೊಳಗೆ ಪ್ರೋಟೀನ್ ಗಂಟುಕಟ್ಟುವುದು, ಬಣ್ಣದ ಡಬ್ಬಿಯಲ್ಲಿ ಪುಡಿ ತಳ ಹಿಡಿಯುವುದು, ಕಣ್ಣಿನ ಮಸೂರ ಮಂಜಾಗುವುದು, ಎಲ್ಲದರಲ್ಲೂ ಸಣ್ಣದು ದೊಡ್ಡದಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಸಾಮಾನ್ಯವಾಗಿ ಸ್ಯಾಂಪಲ್ ಒಣಗಿಸಬೇಕು, ಇಲ್ಲವೇ ಹೆಪ್ಪುಗಟ್ಟಿಸಬೇಕು. ಸಿಗುವುದು ಒಂದು ಕ್ಷಣದ ಚಿತ್ರ. ಬೆಳಕಿಗೆ ಆ ತೊಂದರೆ ಇಲ್ಲ. ಮುಟ್ಟದೆ, ಒಣಗಿಸದೆ, ಅದೇ ಸ್ಯಾಂಪಲನ್ನು ಗಂಟೆಗಟ್ಟಲೆ ಗಮನಿಸಬಹುದು. ಈ ಕ್ಷೇತ್ರದ ಒಂದೂವರೆ ಶತಮಾನದ ಕೆಲಸವನ್ನು ಓದುತ್ತ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದಿದೆ: ಚದುರಿದ ಬೆಳಕು ಕಣದ ಗಾತ್ರವನ್ನು ಹೇಳುವಾಗ ಎಷ್ಟು ನಂಬಿಕೆಗೆ ಅರ್ಹವೋ, ಗಾತ್ರ ಬದಲಾದದ್ದನ್ನು ಹೇಳುವಾಗ ಅದಕ್ಕಿಂತ ಹೆಚ್ಚು ಅರ್ಹ. ಆದರೆ ಯಂತ್ರದ ಪರದೆಯ ಮೇಲೆ ಮೂಡುವ ಒಂದೇ ಸಂಖ್ಯೆಯನ್ನು ನೆಚ್ಚಿಕೊಂಡು ಕೂತರೆ ಆ ಲಾಭ ಕೈತಪ್ಪುತ್ತದೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಾಲ್ 1860ರ ದಶಕದ ಕೊನೆಯಲ್ಲಿ ಮಾಡಿದ ಪ್ರಯೋಗಗಳಲ್ಲೇ ಈ ಕಾಲದ ಆಯಾಮ ಇತ್ತು. ಗಾಜಿನ ಕೊಳವೆಯಲ್ಲಿ ಆವಿ ತುಂಬಿ ಬಲವಾದ ಬೆಳಕು ಹಾಯಿಸಿದಾಗ ಅದರಲ್ಲಿ ಸೂಕ್ಷ್ಮ ಮೋಡವೊಂದು ಹುಟ್ಟುತ್ತಿತ್ತು. ಅದು ಮೊದಲು ಆಕಾಶನೀಲಿ, ಕಣಗಳು ಬೆಳೆದಂತೆ ಬಿಳಿ. ನೀಲಿ ಹಂತದಲ್ಲಿ ಲಂಬ ಕೋನದಿಂದ ನೋಡಿದರೆ ಬೆಳಕು ಪೂರ್ತಿ ಧ್ರುವೀಕೃತವಾಗಿರುತ್ತಿತ್ತು, ಮೋಡ ಬಿಳಿಚಿಕೊಂಡಂತೆ ಆ ಗುಣ ಕೆಡುತ್ತಿತ್ತು. 1871ರಲ್ಲಿ ಲಾರ್ಡ್ ರ‍್ಯಾಲಿ ಇದಕ್ಕೆ ಲೆಕ್ಕ ಕೊಟ್ಟರು. ತರಂಗಾಂತರಕ್ಕಿಂತ ಬಹಳ ಸಣ್ಣ ಕಣ ಚದುರಿಸುವ ಬೆಳಕು ಅದರ ವ್ಯಾಸದ ಆರನೆಯ ಘಾತಕ್ಕೆ ಅನುಗುಣ. ಈ ಆರನೆಯ ಘಾತವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನ ಎಲ್ಲ ಲಾಭವೂ ಎಲ್ಲ ತೊಡಕೂ ಅದರಿಂದಲೇ ಬರುತ್ತವೆ. 1908ರಲ್ಲಿ ಗುಸ್ತಾಫ್ ಮೀ ಚಿನ್ನದ ಕಲಿಲಗಳ (ದ್ರವದಲ್ಲಿ ತೇಲುವ ಅತಿಸಣ್ಣ ಕಣಗಳ) ಬಣ್ಣವನ್ನು ವಿವರಿಸಲು ಹೊರಟು, ಯಾವ ಗಾತ್ರದ ಗೋಳಕ್ಕೂ ಅನ್ವಯವಾಗುವ ಪೂರ್ಣ ಸಿದ್ಧಾಂತ ಕೊಟ್ಟರು.

ಗಂಧಕದ ಆ ಪ್ರಯೋಗವನ್ನು ಅಳತೆಯ ಮಟ್ಟಕ್ಕೆ ಏರಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿಕ್ಟರ್ ಲಾಮೆರ್. ಬಹಳ ತೆಳುವಾದ ಥಯೋಸಲ್ಫೇಟ್ ಮತ್ತು ಆಮ್ಲ ಬೆರೆಸಿ, ಗಂಧಕದ ಕಣಗಳೆಲ್ಲ ಸರಿಸುಮಾರು ಒಂದೇ ಗಾತ್ರದಲ್ಲಿ ನಿಧಾನವಾಗಿ ಬೆಳೆಯುವಂತೆ ಅವರ ಗುಂಪು ಮಾಡಿತು. ಅಂಥ ದ್ರಾವಣದ ಸುತ್ತ ಕಣ್ಣು ತಿರುಗಿಸುತ್ತ ಹೋದರೆ ಕೆಲವು ನಿರ್ದಿಷ್ಟ ಕೋನಗಳಲ್ಲಿ ಕೆಂಪು, ನಡುವೆ ಹಸಿರು ಕಾಣುತ್ತದೆ. ಕಣ ಬೆಳೆದಂತೆ ಕೆಂಪು ಪಟ್ಟಿಗಳ ಸಂಖ್ಯೆ ಹೆಚ್ಚುತ್ತದೆ, ಇದ್ದ ಪಟ್ಟಿಗಳು ಜಾಗ ಬದಲಿಸುತ್ತವೆ. ಕೋನಗಳನ್ನು ಗುರುತಿಸಿಕೊಂಡು ಮೀ ಸಿದ್ಧಾಂತಕ್ಕೆ ಹೋಲಿಸಿದರೆ ಗಾತ್ರ ಸಿಗುತ್ತದೆ. 1947ರಲ್ಲಿ ಜಾನ್ಸನ್ ಮತ್ತು ಲಾಮೆರ್ ಪ್ರಕಟಿಸಿದ ಈ ವಿಧಾನ ಲೇಸರ್ ಇಲ್ಲದ, ಕಂಪ್ಯೂಟರ್ ಇಲ್ಲದ ಕಾಲದ್ದು. ಕಣಗಳ ಹುಟ್ಟು ಒಂದು ಹಂತ, ಬೆಳವಣಿಗೆ ಇನ್ನೊಂದು, ಎರಡನ್ನೂ ಕಾಲದಲ್ಲಿ ಬೇರ್ಪಡಿಸಿದರೆ ಒಂದೇ ಗಾತ್ರದ ಕಣ ಸಿಗುತ್ತದೆ ಎಂದು 1950ರಲ್ಲಿ ಲಾಮೆರ್ ಮತ್ತು ಡಿನೆಗರ್ ಹೇಳಿದ್ದು ಈ ಗಂಧಕದ ಅನುಭವದಿಂದ. ಇವತ್ತು ನ್ಯಾನೊ ಕಣ ತಯಾರಿಸುವ ಯಾವ ವಿದ್ಯಾರ್ಥಿಯೂ ಲಾಮೆರ್ ಹೆಸರು ಕೇಳದೆ ಮುಂದೆ ಹೋಗುವುದಿಲ್ಲ.

ಇದೇ ವಿಷಯದಲ್ಲಿ ಬೆಂಗಳೂರಿನ ಪಾಲು ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ. 1933ರಲ್ಲಿ ಸಿ. ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಅವರ ಶಿಷ್ಯ ಆರ್. ಎಸ್. ಕೃಷ್ಣನ್ ಕಲಿಲಗಳಿಂದ ಚದುರುವ ಬೆಳಕಿನ ಧ್ರುವೀಕರಣವನ್ನು ಅಳೆಯಲು ಕೂತರು. (ರಾಮನ್ ಪರಿಣಾಮದ ಜೊತೆ ಹೆಸರು ಬರುವ ಕೆ. ಎಸ್. ಕೃಷ್ಣನ್ ಬೇರೆ.) ಕಣಗಳು ತರಂಗಾಂತರಕ್ಕಿಂತ ಬಹಳ ಸಣ್ಣವಿದ್ದಾಗ, ಅಡ್ಡಡ್ಡ ಕಂಪಿಸುವ ಬೆಳಕನ್ನು ಹಾಯಿಸಿ ಲಂಬ ಕೋನದಿಂದ ನೋಡಿದರೆ ಚದುರಿದ ಬೆಳಕಿನ ಎರಡು ಘಟಕಗಳು ಸಮ ಇರಬೇಕು. ಕಣಗಳು ಇಲ್ಲವೇ ಅವುಗಳ ಗೊಂಚಲುಗಳು ದೊಡ್ಡದಾದರೆ ಈ ಸಮತೆ ಮುರಿಯುತ್ತದೆ. ಇದಕ್ಕೆ ಕೃಷ್ಣನ್ ಪರಿಣಾಮ ಎಂದೇ ಹೆಸರು. ದ್ರಾವಣದಲ್ಲಿ ಗೊಂಚಲು ಕಟ್ಟುತ್ತಿದೆಯೇ ಇಲ್ಲವೇ ಎಂಬುದನ್ನು ಒಂದು ಅನುಪಾತ ನೋಡಿ ಹೇಳಬಹುದೆಂಬ ಆ ದೃಷ್ಟಿ, ಲೇಸರ್ ಬರುವುದಕ್ಕೆ ಕಾಲು ಶತಮಾನ ಮೊದಲಿನದು.

ಲೇಸರ್ ಬಂದದ್ದು 1960ರಲ್ಲಿ. ಅದರಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಎಷ್ಟು ಬೆಳಕು, ಯಾವ ಕೋನಕ್ಕೆ ಎಂದು ಕೇಳುತ್ತಿದ್ದರು. ಈಗ ಆ ಬೆಳಕು ಎಷ್ಟು ಬೇಗ ಮಿಣುಕುತ್ತದೆ ಎಂದು ಕೇಳುವುದು ಸಾಧ್ಯವಾಯಿತು. ನೀರಿನಲ್ಲಿ ತೇಲುವ ಕಣವನ್ನು ನೀರಿನ ಅಣುಗಳು ಎಲ್ಲ ಕಡೆಯಿಂದ ತಳ್ಳುತ್ತಿರುತ್ತವೆ. ಸಣ್ಣ ಕಣ ಬೇಗ ಬೇಗ ಜಾಗ ಬದಲಿಸುತ್ತದೆ, ದೊಡ್ಡದು ನಿಧಾನ. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸೂತ್ರದಂತೆ ಈ ವಿಸರಣೆಯ ವೇಗ ದ್ರವದ ತಾಪಕ್ಕೆ ನೇರ ಅನುಪಾತದಲ್ಲೂ, ಸ್ನಿಗ್ಧತೆ ಮತ್ತು ಕಣದ ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಅನೇಕ ಕಣಗಳಿಂದ ಚದುರಿದ ಲೇಸರ್ ಬೆಳಕು ಒಂದಕ್ಕೊಂದು ಕೂಡಿ ಕಳೆದು ಡಿಟೆಕ್ಟರಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಕಣ ಅಲುಗಿದರೆ ಚುಕ್ಕೆ ಮಿಣುಕುತ್ತದೆ. 25 ಡಿಗ್ರಿ ನೀರಿನಲ್ಲಿ 100 ನ್ಯಾನೊಮೀಟರ್ ವ್ಯಾಸದ ಕಣಗಳಿದ್ದರೆ, ಹೀಲಿಯಂ–ನಿಯಾನ್ ಲೇಸರಿನ ಕೆಂಪು ಬೆಳಕಿನಲ್ಲಿ, ಲಂಬ ಕೋನದಲ್ಲಿ, ಒಂದು ಮಿಣುಕು ಅಳಿದು ಇನ್ನೊಂದು ಹುಟ್ಟಲು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು. ಕಣ ಹತ್ತು ಪಟ್ಟು ದೊಡ್ಡದಾದರೆ ಹೊತ್ತೂ ಹತ್ತು ಪಟ್ಟು.

1964ರಲ್ಲಿ ರಾಬರ್ಟ್ ಪೆಕೋರಾ ಇದರ ಸಿದ್ಧಾಂತ ಬರೆದರು. ಅದೇ ವರ್ಷ ಕೊಲಂಬಿಯಾದಲ್ಲೇ ಕಮಿನ್ಸ್, ನೇಬಲ್ ಮತ್ತು ಯೇ ನೀರಿನಲ್ಲಿ ತೇಲುವ ಪಾಲಿಸ್ಟೈರೀನ್ ಗೋಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಲಾಮೆರ್ ಕೋನ ಅಳೆಯುತ್ತಿದ್ದ ವಿಶ್ವವಿದ್ಯಾಲಯದಲ್ಲೇ ಎರಡನೆಯ ಅಧ್ಯಾಯವೂ ಶುರುವಾಯಿತು. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟಿನ ಗುಂಪು ಫೋಟಾನುಗಳನ್ನು ಒಂದೊಂದಾಗಿ ಎಣಿಸಿ ಲೆಕ್ಕ ಹಾಕುವ ಕೋರಿಲೇಟರ್ ಕಟ್ಟಿ, 1970ರಲ್ಲಿ ಹೀಮೋಸಯನಿನ್ ಎಂಬ ಪ್ರೋಟೀನಿನ ವಿಸರಣೆಯನ್ನು ಅಳೆಯಿತು. ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್, ಬಾಯಿಮಾತಿನಲ್ಲಿ ಡಿಎಲ್‌ಎಸ್, ಅಲ್ಲಿಂದ ಮುಂದೆ ಪ್ರಯೋಗಾಲಯಗಳ ಮೇಜಿಗೆ ಬಂತು. ಈಗ ಔಷಧ ಕಂಪನಿಗಳಿಂದ ಹಿಡಿದು ಕಾಲೇಜುಗಳ ಸಂಶೋಧನಾ ಕೇಂದ್ರಗಳವರೆಗೆ, ಬೆರಳುದ್ದದ ಕ್ಯುವೆಟ್ಟಿನಲ್ಲಿ ಸ್ಯಾಂಪಲ್ ಹಾಕಿ ಮುಚ್ಚಳ ಮುಚ್ಚಿದರೆ ಎರಡು ಮೂರು ನಿಮಿಷಕ್ಕೆ ಸಂಖ್ಯೆ ಬರುತ್ತದೆ.

ಆ ಸಂಖ್ಯೆ ಬರುವ ದಾರಿ ಮಾತ್ರ ಅಷ್ಟು ನೇರವಲ್ಲ. ಯಂತ್ರ ನಿಜವಾಗಿ ಅಳೆಯುವುದು ಮಿಣುಕಿನ ನೆನಪು ಎಷ್ಟು ಹೊತ್ತು ಉಳಿಯುತ್ತದೆ ಎಂಬ ಒಂದು ಇಳಿಜಾರು ಕರ್ವನ್ನು, ಅಂದರೆ ಕೋರಿಲೇಷನ್ ಕರ್ವನ್ನು. ಅದರಿಂದ ವಿಸರಣೆ, ವಿಸರಣೆಯಿಂದ ತ್ರಿಜ್ಯ. 1972ರಲ್ಲಿ ಕೊಪ್ಪೆಲ್ ಕೊಟ್ಟ ವಿಧಾನದಿಂದ ಒಂದು ಸರಾಸರಿಯೂ ಗಾತ್ರಗಳು ಎಷ್ಟು ಹರಡಿವೆ ಎಂಬ ಸೂಚ್ಯಂಕವೂ ಸಿಗುತ್ತವೆ. ಆ ಸರಾಸರಿ ಬೆಳಕಿನ ತೂಕದ ಸರಾಸರಿ, ಕಣಗಳ ತಲೆ ಎಣಿಕೆಯದ್ದಲ್ಲ. ಆರನೆಯ ಘಾತದ ಪರಿಣಾಮ ಇಲ್ಲಿ ಕಾಣುತ್ತದೆ. ಸುಮಾರು 10 ನ್ಯಾನೊಮೀಟರ್ ವ್ಯಾಸದ ಪ್ರೋಟೀನುಗಳ ನಡುವೆ ಹತ್ತು ಲಕ್ಷಕ್ಕೊಂದರಂತೆ 100 ನ್ಯಾನೊಮೀಟರಿನ ಗಂಟು ಇದ್ದರೆ, ತೂಕದಲ್ಲಿ ಆ ಗಂಟುಗಳು ಶೇಕಡಾ 0.1ರಷ್ಟು, ಚದುರಿದ ಬೆಳಕಿನಲ್ಲಿ ಮಾತ್ರ ಸರಿಸುಮಾರು ಅರ್ಧ ಪಾಲು ಅವುಗಳದ್ದೇ. ಡೊಳ್ಳು ಬಾರಿಸುತ್ತಿರುವ ಕಡೆ ಕೊಳಲು ಕೇಳಿಸದ ಹಾಗೆ, ಕೆಲವೇ ದೊಡ್ಡ ಕಣಗಳು ಅಸಂಖ್ಯ ಸಣ್ಣ ಕಣಗಳನ್ನು ಮರೆಮಾಡುತ್ತವೆ. ಗಾತ್ರದಲ್ಲಿ ಸುಮಾರು ಮೂರು ಪಟ್ಟು ವ್ಯತ್ಯಾಸವಾದರೂ ಇಲ್ಲದಿದ್ದರೆ ಎರಡು ಗುಂಪುಗಳನ್ನು ಈ ವಿಧಾನ ಬೇರ್ಪಡಿಸಲಾರದು. ‘ಸರಾಸರಿ 10ರಿಂದ 14 ನ್ಯಾನೊಮೀಟರ್ ಆಯಿತು’ ಎಂಬ ವರದಿಗೆ ಎರಡು ಅರ್ಥ ಇರಬಹುದು: ಎಲ್ಲ ಕಣಗಳೂ ಜೋಡಿಯಾದವು, ಇಲ್ಲವೇ ಬೆರಳೆಣಿಕೆಯ ದೊಡ್ಡ ಗಂಟುಗಳು ಹುಟ್ಟಿದವು. ಔಷಧದ ಮಟ್ಟಿಗೆ ಇವೆರಡೂ ಪೂರ್ತಿ ಬೇರೆ ಸಂಗತಿಗಳು.

ಬಿಡಿಸಲು ಒಂದು ಉಪಾಯ ಇದೆ, ಅದು ಅದೇ ಯಂತ್ರದಲ್ಲೇ ಇದೆ. ಎರಡೆರಡು ಸಣ್ಣ ಗೋಳಗಳು ಅಂಟಿಕೊಂಡರೆ ಜೋಡಿಯ ಹೈಡ್ರೊಡೈನಾಮಿಕ್ ತ್ರಿಜ್ಯ (ವಿಸರಣೆಯಿಂದ ಲೆಕ್ಕ ಹಾಕಿದ ತ್ರಿಜ್ಯ) ಸುಮಾರು 1.4 ಪಟ್ಟು ಆಗುತ್ತದೆ, ಚದುರುವ ಒಟ್ಟು ಬೆಳಕು ಮಾತ್ರ ಎರಡು ಪಟ್ಟು. ಬೆಳಕಿನ ತೀವ್ರತೆ ಮತ್ತು ಮಿಣುಕಿನ ವೇಗ ಎರಡನ್ನೂ ಒಟ್ಟಿಗೆ ನೋಡಿದವರಿಗೆ ಜೋಡಿ ಆಗುತ್ತಿದೆಯೋ ಬೇರೇನೋ ನಡೆದಿದೆಯೋ ಎಂಬುದು ಗೊತ್ತಾಗುತ್ತದೆ. 1996ರಲ್ಲಿ ಹೋಲ್ಟಾಫ್ ಮತ್ತು ಸಂಗಡಿಗರು ಹಲವು ಕೋನಗಳಲ್ಲಿ ಎರಡನ್ನೂ ಏಕಕಾಲಕ್ಕೆ ಅಳೆದು, ಕಣಗಳು ಅಂಟುವ ವೇಗವನ್ನು, ಜೋಡಿ ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬ ಊಹೆಯ ಆಸರೆ ಇಲ್ಲದೆ ತೆಗೆದರು. ಬಹುಪಾಲು ಯಂತ್ರಗಳು ತೀವ್ರತೆಯನ್ನು ಹೇಗೂ ದಾಖಲಿಸುತ್ತವೆ. ಅದನ್ನು ಯಾರೂ ತೆರೆದು ನೋಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಕಾಲದ ಲೆಕ್ಕಕ್ಕೆ ಬುನಾದಿ ಹಾಕಿದವರು ಪೋಲೆಂಡಿನ ಮರಿಯನ್ ಸ್ಮೊಲುಕೋವ್ಸ್ಕಿ. ಎದುರಾದ ಕೂಡಲೇ ಅಂಟಿಕೊಳ್ಳುವ ಕಣಗಳಾದರೆ ಅವುಗಳ ಸಂಖ್ಯೆ ಅರ್ಧಕ್ಕಿಳಿಯಲು ಬೇಕಾದ ಸಮಯ ಎಷ್ಟೆಂಬುದಕ್ಕೆ ಅವರ ಸೂತ್ರ ಇದೆ. ಕೊಠಡಿ ತಾಪದ ನೀರಿನಲ್ಲಿ, ಒಂದು ಘನ ಸೆಂಟಿಮೀಟರಿನಲ್ಲಿ ಸಾವಿರ ಕೋಟಿ ಕಣಗಳಿದ್ದರೆ ಅದು ಸುಮಾರು 16 ಸೆಕೆಂಡು. ಒಂದು ಅಳತೆಗೆ ಎರಡು ನಿಮಿಷ ತೆಗೆದುಕೊಳ್ಳುವ ಯಂತ್ರ ಇಲ್ಲಿ ಕೊಡುವುದು ಆದಿಯದ್ದೂ ಅಲ್ಲದ ಅಂತ್ಯದ್ದೂ ಅಲ್ಲದ ಕಲಬೆರಕೆ ಸಂಖ್ಯೆ. ಸ್ಯಾಂಪಲನ್ನು ತೆಳುಮಾಡಿ ಕ್ರಿಯೆಯನ್ನು ನಿಧಾನಗೊಳಿಸುವುದು, ಅಳತೆಯ ಅವಧಿಯನ್ನು ಕೆಲವು ಸೆಕೆಂಡಿಗೆ ಇಳಿಸಿ ಗದ್ದಲವನ್ನು ಸಹಿಸುವುದು, ಇಲ್ಲವೇ ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಒಂದೇ ಕ್ಷಣದ ಕರ್ವುಗಳನ್ನು ಕೂಡಿಸುವುದು, ಇವು ಇರುವ ದಾರಿಗಳು.

ಇಷ್ಟು ಕಷ್ಟಪಟ್ಟು ಕಾಲದ ಕರ್ವ್ ತೆಗೆದರೆ ಅದರ ಆಕಾರವೇ ಬೆಳವಣಿಗೆಯ ರೀತಿಯನ್ನು ಹೇಳುತ್ತದೆ. 1989ರಲ್ಲಿ ಲಿನ್, ವೈಟ್ಸ್ ಮತ್ತು ಸಂಗಡಿಗರು ಚಿನ್ನ, ಸಿಲಿಕಾ, ಪಾಲಿಸ್ಟೈರೀನ್ ಎಂಬ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಲಿಲಗಳನ್ನು ಬೆಳಕಿನಿಂದ ಹಿಂಬಾಲಿಸಿದರು. ಎದುರಾದಾಗಲೆಲ್ಲ ಅಂಟುವ ಸ್ಥಿತಿಯಲ್ಲಿ ಮೂರೂ ಒಂದೇ ರೀತಿ ಬೆಳೆದವು: ಗೊಂಚಲುಗಳು ಸಡಿಲ, ಫ್ರ್ಯಾಕ್ಟಲ್ ಆಯಾಮ (ಗೊಂಚಲು ಎಷ್ಟು ಒತ್ತಾಗಿದೆ ಎಂಬುದರ ಅಳತೆ) 1.8ರ ಹತ್ತಿರ, ಗಾತ್ರ ಕಾಲದ ಒಂದು ಘಾತವಾಗಿ ಏರಿಕೆ. ಹಲವು ಸಲ ಡಿಕ್ಕಿಯಾದ ಮೇಲೆ ಒಮ್ಮೆ ಅಂಟುವ ಸ್ಥಿತಿಯಲ್ಲಿ ಗೊಂಚಲು ಹೆಚ್ಚು ಬಿಗಿ, ಆಯಾಮ ಸುಮಾರು 2.1, ಗಾತ್ರದ್ದು ಘಾತೀಯ ಏರಿಕೆ. ಎಣ್ಣೆ–ನೀರಿನ ಎಮಲ್ಷನ್ನುಗಳಲ್ಲಿ ಸಣ್ಣ ಹನಿ ಕರಗಿ ದೊಡ್ಡ ಹನಿಗೆ ಸೇರುವ ಕ್ರಿಯೆ ನಡೆದರೆ ತ್ರಿಜ್ಯದ ಘನ ಕಾಲಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. 1961ರಲ್ಲಿ ಲಿಫ್‌ಶಿಟ್ಸ್–ಸ್ಲ್ಯೋಜೊವ್ ಮತ್ತು ವಾಗ್ನರ್ ಕಂಡುಕೊಂಡ ನಿಯಮ ಅದು. ಆರಂಭದ ಗಾತ್ರದ ಅಂದಾಜು ಶೇಕಡಾ ಹತ್ತರಷ್ಟು ತಪ್ಪಿದರೂ ಈ ಆಕಾರಗಳು ತಪ್ಪುವುದಿಲ್ಲ. ಬದಲಾವಣೆಯನ್ನು ಹೆಚ್ಚು ನಂಬಬಹುದು ಎಂದು ನಾನು ಹೇಳಲು ಮುಖ್ಯ ಆಧಾರ ಇದು.

ಹಾಲಿನ ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಸುವಿನ ಹಾಲಿನಲ್ಲಿ ಕೇಸಿನ್ ಪ್ರೋಟೀನು ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ 150–200 ನ್ಯಾನೊಮೀಟರ್ ಸರಾಸರಿ ವ್ಯಾಸದ ಮಿಸೆಲ್‌ಗಳಾಗಿ ತೇಲುತ್ತದೆ. ಇವುಗಳ ಮೈಮೇಲೆ ಕಪ್ಪಾ ಕೇಸಿನ್ನಿನ ಎಳೆಗಳು ನೀರಿನತ್ತ ಚಾಚಿಕೊಂಡಿರುತ್ತವೆ, ಒಂದು ಮಿಸೆಲ್ ಇನ್ನೊಂದರ ಹತ್ತಿರ ಬಾರದಂತೆ ತಡೆಯುತ್ತವೆ. ಚೀಸ್ ಮಾಡುವವರು ಹಾಲಿಗೆ ರೆನೆಟ್ ಹಾಕಿದಾಗ ಅದರಲ್ಲಿನ ಕೈಮೋಸಿನ್ ಕಿಣ್ವ ಈ ಎಳೆಗಳನ್ನು 105 ಮತ್ತು 106ನೆಯ ಅಮೈನೋ ಆಮ್ಲಗಳ ನಡುವೆ ಕತ್ತರಿಸುತ್ತದೆ. ಹಾಲು ಒಡೆಯುವುದೆಂದರೆ ಕಣ ದೊಡ್ಡದಾಗುವುದು ಎಂದು ಯಾರಾದರೂ ಭಾವಿಸುವುದು ಸಹಜ. 1981ರಲ್ಲಿ ವಾಲ್‌ಸ್ಟ್ರಾ ಮತ್ತು ಸಂಗಡಿಗರು ಡಿಎಲ್‌ಎಸ್‌ನಲ್ಲಿ ಕಂಡದ್ದು ಬೇರೆ. ಕಿಣ್ವ ಸೇರಿದ ಮೇಲೆ ವ್ಯಾಸ ಮೊದಲು ಸುಮಾರು 10 ನ್ಯಾನೊಮೀಟರಿನಷ್ಟು ಇಳಿಯುತ್ತದೆ. ಎಳೆಗಳ ಪದರ ಬೋಳಾದದ್ದರ ಗುರುತು ಅದು. ಬಹುಪಾಲು ಎಳೆಗಳು ಕತ್ತರಿಸಿ ಹೋಗುವವರೆಗೂ ಮಿಸೆಲ್‌ಗಳು ಅಂಟುವುದಿಲ್ಲ. ಆಮೇಲೆ ಗಾತ್ರ ಸರ್ರನೆ ಏರುತ್ತದೆ.

ಈ ಇಳಿಕೆ ಒಟ್ಟು ಗಾತ್ರದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಎರಡು ಬೇರೆ ಹಾಲುಗಳ, ಎರಡು ಬೇರೆ ಯಂತ್ರಗಳ ಅಳತೆಯನ್ನು ಹೋಲಿಸಿದರೆ ಇಷ್ಟು ವ್ಯತ್ಯಾಸ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಒಂದೇ ಸ್ಯಾಂಪಲನ್ನು ಅದರ ಜಾಗದಿಂದ ಕದಲಿಸದೆ, ತಾಪ ಬದಲಿಸದೆ, ನಿರಂತರವಾಗಿ ಹಿಂಬಾಲಿಸಿದ್ದರಿಂದ ಅದು ಕಂಡಿತು. ತೆಳುಮಾಡುವುದರಲ್ಲೂ ಎಚ್ಚರ ಬೇಕಿತ್ತು. ಹಾಲಿಗೆ ಬರೀ ನೀರು ಬೆರೆಸಿದರೆ ಮಿಸೆಲ್‌ನ ಕ್ಯಾಲ್ಸಿಯಂ ನೀರಿಗೆ ಬಿಟ್ಟುಕೊಂಡು ಮಿಸೆಲ್ಲೇ ಸಡಿಲವಾಗುತ್ತದೆ. ಹಾಗಾಗಿ ಹಾಲಿನ ಲವಣಗಳಿರುವ ದ್ರಾವಣದಲ್ಲೇ ತೆಳುಮಾಡಬೇಕು. ನಮ್ಮ ಮನೆಗಳಲ್ಲಿ ಹೆಪ್ಪು ಹಾಕಿದಾಗ ನಡೆಯುವುದು ಇದಲ್ಲ. ಅಲ್ಲಿ ಬ್ಯಾಕ್ಟೀರಿಯಾ ಮಾಡುವ ಲ್ಯಾಕ್ಟಿಕ್ ಆಮ್ಲದಿಂದ ಪಿಎಚ್ 6.7ರ ಆಸುಪಾಸಿನಿಂದ 4.6ರ ಕಡೆಗೆ ಇಳಿಯುತ್ತದೆ, ಕ್ಯಾಲ್ಸಿಯಂ ಫಾಸ್ಫೇಟ್ ಕರಗುತ್ತದೆ, ಎಳೆಗಳು ಮುದುಡಿಕೊಳ್ಳುತ್ತವೆ. ಗಟ್ಟಿ ಹಾಲನ್ನು ತೆಳುಮಾಡದೆ ಇದನ್ನು ನೋಡಬೇಕಾದರೆ ಸಾಮಾನ್ಯ ಡಿಎಲ್‌ಎಸ್ ಸಾಲದು, ಏಕೆಂದರೆ ಬೆಳಕು ಒಂದು ಕಣದಿಂದ ಇನ್ನೊಂದಕ್ಕೆ ಹಾರುತ್ತ ನೂರಾರು ಸಲ ಚದುರುತ್ತದೆ. 1987–88ರಲ್ಲಿ ಮಾರೆ ಮತ್ತು ವೋಲ್ಫ್, ಪೈನ್, ವೈಟ್ಸ್ ಮುಂತಾದವರು ಆ ಬಹುಚದುರುವಿಕೆಯನ್ನೇ ಅಳತೆಗೆ ಬಳಸುವ ದಾರಿ ಕಂಡುಕೊಂಡರು. ಇಡೀ ಹಾಲು ಮೊಸರಾಗುವುದನ್ನು ಪಾತ್ರೆ ಕದಲಿಸದೆ ಹಿಂಬಾಲಿಸಲು ಈಗ ಆ ವಿಧಾನ ಇದೆ.

ಮಿಣುಕು ನಿಧಾನವಾದರೆ ಕಣ ದೊಡ್ಡದಾಯಿತೆಂದೇ ತಿಳಿಯಬೇಕೆಂದಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅಧ್ಯಯನ ನಡೆದಿರುವ ಲ್ಯಾಪೊನೈಟ್ ಎಂಬ ಕೃತಕ ಜೇಡಿ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಕಣ 25–30 ನ್ಯಾನೊಮೀಟರ್ ಅಗಲದ, ಒಂದು ನ್ಯಾನೊಮೀಟರ್ ದಪ್ಪದ ಬಿಲ್ಲೆ. ನೀರಿನಲ್ಲಿ ಕದಡಿಟ್ಟರೆ ಗಂಟೆಗಳು, ದಿನಗಳು ಕಳೆದಂತೆ ದ್ರವ ತನ್ನಷ್ಟಕ್ಕೇ ಬಿಗಿಯಾಗುತ್ತದೆ. ಬಿಲ್ಲೆಗಳು ಬೆಳೆದಿಲ್ಲ, ವಿದ್ಯುದಾವೇಶದಿಂದ ಒಂದನ್ನೊಂದು ಹಿಡಿದಿಟ್ಟುಕೊಂಡು ಅಲುಗಾಡಲಾಗದ ಸ್ಥಿತಿಗೆ ಬಂದಿವೆ. ಕೋರಿಲೇಷನ್ ಕರ್ವಿನಲ್ಲಿ ಎರಡನೆಯ, ನಿಧಾನವಾದ ಇಳಿಜಾರೊಂದು ಮೂಡಿ ದಿನದಿಂದ ದಿನಕ್ಕೆ ಉದ್ದವಾಗುತ್ತ ಹೋಗುತ್ತದೆ. ಇದನ್ನು ಸೂತ್ರಕ್ಕೆ ಹಾಕಿದರೆ ಯಂತ್ರ ‘ಕಣ ಬೆಳೆಯುತ್ತಿದೆ’ ಎಂದು ಹೇಳುತ್ತದೆ. ಕರ್ವ್ ನೋಡಿದವರಿಗೆ ಅದು ಬೆಳವಣಿಗೆ ಅಲ್ಲ ಎಂದು ತಕ್ಷಣ ತಿಳಿಯುತ್ತದೆ.

ಮನುಷ್ಯನ ಕಣ್ಣಿನ ಮಸೂರದಲ್ಲಿ ಈ ಅಳತೆ ವರ್ಷಗಳ ಲೆಕ್ಕದ್ದಾಗುತ್ತದೆ. ಮಸೂರದ ನಡುಭಾಗದ ಪ್ರೋಟೀನುಗಳು ಜೀವಮಾನದಲ್ಲಿ ಹೊಸದಾಗುವುದಿಲ್ಲ ಎನ್ನಬಹುದು. ಕೆಟ್ಟ ಪ್ರೋಟೀನುಗಳು ಗಂಟುಕಟ್ಟದಂತೆ ಆಲ್ಫಾ ಕ್ರಿಸ್ಟಲಿನ್ ಕಾಯುತ್ತದೆ, ಅದು ಖರ್ಚಾಗುತ್ತ ಬಂದಂತೆ ಗಂಟುಗಳು ಬೆಳೆದು ಬೆಳಕನ್ನು ಚದುರಿಸುತ್ತವೆ, ಪೊರೆ ಬರುತ್ತದೆ. 1975ರಲ್ಲಿ ತೊಯೊಇಚಿ ತನಾಕ ಮತ್ತು ಜಾರ್ಜ್ ಬೆನೆಡೆಕ್ ಇಡೀ ಮಸೂರದೊಳಗೆ ಪ್ರೋಟೀನಿನ ವಿಸರಣೆಯನ್ನು ಲೇಸರಿನಿಂದ ಅಳೆದರು. ಮುಂದೆ ನಾಸಾದ ರಫತ್ ಅನ್ಸಾರಿ, ಬಾಹ್ಯಾಕಾಶದಲ್ಲಿ ಕಲಿಲಗಳ ಅಧ್ಯಯನಕ್ಕೆಂದು ಕಟ್ಟಿದ್ದ ಪುಟ್ಟ ಫೈಬರ್ ಉಪಕರಣವನ್ನು ಕಣ್ಣಿನ ಪರೀಕ್ಷೆಗೆ ತಿರುಗಿಸಿದರು. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಜೊತೆ 235 ಜನರ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ನೋಡುವುದಕ್ಕೆ ತಿಳಿಯಾಗೇ ಇರುವ ಮಸೂರದಲ್ಲೂ ವಯಸ್ಸಾದಂತೆ ಆಲ್ಫಾ ಕ್ರಿಸ್ಟಲಿನ್ ಕಡಿಮೆಯಾಗುವುದನ್ನು ಅದು ತೋರಿಸಿತು. ಪೊರೆ ಕಾಣುವುದಕ್ಕೆ ಮೊದಲೇ ಅದರ ಸುಳಿವು ಸಿಗಬಹುದೆಂಬುದು ಕುರುಡುತನಕ್ಕೆ ಪೊರೆಯೇ ಮೊದಲ ಕಾರಣವಾಗಿರುವ ನಮ್ಮ ದೇಶಕ್ಕೆ ದೊಡ್ಡ ಮಾತು. ಇಲ್ಲೂ ಒಬ್ಬರ ಕಣ್ಣಿನ ಒಂದು ಸಲದ ಸಂಖ್ಯೆಗಿಂತ ಅದೇ ಕಣ್ಣಿನ ವರ್ಷಾಂತರದ ದಾಖಲೆಯೇ ವೈದ್ಯರಿಗೆ ಉಪಯೋಗ.

ಈ ವಿಧಾನ ದಿನನಿತ್ಯ ಬಳಕೆಯಲ್ಲಿರುವುದು ಔಷಧ ಉದ್ಯಮದಲ್ಲಿ. ಎಂಆರ್‌ಎನ್‌ಎ ಲಸಿಕೆಯ ಕೊಬ್ಬಿನ ಕಣಗಳು ಸುಮಾರು 100 ನ್ಯಾನೊಮೀಟರ್ ಆಸುಪಾಸಿನಲ್ಲೇ ಉಳಿದಿವೆಯೇ, ಪ್ರತಿಕಾಯದ ಸೀಸೆಯನ್ನು 40 ಡಿಗ್ರಿಯಲ್ಲಿಟ್ಟರೆ ಗಂಟು ಎಷ್ಟು ಬೇಗ ಬರುತ್ತದೆ ಎಂದು ತಿಂಗಳುಗಟ್ಟಲೆ ನೋಡುತ್ತಾರೆ. ಆರನೆಯ ಘಾತ ಇಲ್ಲಿ ಉಪಕಾರಿ: ತೂಕದಲ್ಲಿ ಕಾಣದಷ್ಟು ಅಲ್ಪ ಗಂಟು ಬೆಳಕಿನಲ್ಲಿ ಎದ್ದು ಕಾಣುತ್ತದೆ. ಆದರೆ ಎಷ್ಟು ಗಂಟು ಎಂದು ಎಣಿಸಲು ಡಿಎಲ್‌ಎಸ್ ಒದಗುವುದಿಲ್ಲ. ಅದಕ್ಕೆ ಕಣಗಳನ್ನು ಗಾತ್ರದಂತೆ ಬೇರ್ಪಡಿಸಿ ಆಮೇಲೆ ಬೆಳಕು ಬಿಡುವ, ಇಲ್ಲವೇ ಒಂದೊಂದು ಕಣದ ಅಲೆದಾಟವನ್ನು ವಿಡಿಯೊದಲ್ಲಿ ಹಿಡಿಯುವ ವಿಧಾನಗಳು ಜೊತೆಗಿರಬೇಕು.

ಕಾಲದ ಜೊತೆ ಬರುವ ಮೋಸಗಳು ಕೆಲವಿವೆ. 25 ಡಿಗ್ರಿಯ ಹತ್ತಿರ ನೀರಿನ ಸ್ನಿಗ್ಧತೆ ಒಂದು ಡಿಗ್ರಿಗೆ ಸುಮಾರು ಶೇಕಡಾ 2ರಷ್ಟು ಬದಲಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಕ್ಯುವೆಟ್ ಬಿಸಿಯೇರುವ ಮೊದಲೇ ಅಳತೆ ಶುರು ಮಾಡಿದರೆ ಇಲ್ಲದ ‘ಕುಗ್ಗುವಿಕೆ’ ಕಾಣುತ್ತದೆ. ಬೆಳ್ಳಿ, ಚಿನ್ನದಂಥ ಭಾರದ ಕಣಗಳ ದೊಡ್ಡ ಗೊಂಚಲು ತಳಕ್ಕಿಳಿದು ಲೇಸರ್ ಹಾಯುವ ಜಾಗದಿಂದ ಮರೆಯಾಗುತ್ತದೆ. ಕರ್ವ್ ಏರಿ ಮತ್ತೆ ಇಳಿದಾಗ ಗೊಂಚಲು ಬಿಡಿಸಿಕೊಂಡಿತು ಎಂದು ಬರೆದುಬಿಡುವವರಿದ್ದಾರೆ. ಧೂಳಿನ ಒಂದು ಕಣ ಕಿರಣಕ್ಕೆ ಅಡ್ಡ ಬಂದರೆ ಆ ನಿಮಿಷದ ಸಂಖ್ಯೆ ಕೆಟ್ಟಿತು. ತೀವ್ರತೆಯ ದಾಖಲೆ ಪಕ್ಕದಲ್ಲಿದ್ದರೆ ಈ ಮೂರನ್ನೂ ಗುರುತಿಸುವುದು ಸುಲಭ: ಬಿಸಿಯೇರಿಕೆಯಲ್ಲಿ ತೀವ್ರತೆ ಹೆಚ್ಚುಕಡಿಮೆ ಕದಲುವುದಿಲ್ಲ, ತಳಕ್ಕಿಳಿಯುವಾಗ ಬೀಳುತ್ತದೆ, ಧೂಳು ಬಂದಾಗ ಚಿಮ್ಮುತ್ತದೆ.

ಪ್ರಬಂಧಗಳಲ್ಲಿ ಈಗಲೂ ಹೆಚ್ಚಾಗಿ ಅಚ್ಚಾಗುವುದು ಸರಾಸರಿ ಗಾತ್ರ ಮತ್ತು ಕಾಲದ ಒಂದು ನಕ್ಷೆ. ಅದರ ಜೊತೆ ಪ್ರತಿ ಅಳತೆಯ ಮೂಲ ಕೋರಿಲೇಷನ್ ಕರ್ವ್, ತೀವ್ರತೆ, ತಾಪ, ಕೋನ, ಬೆರೆಸಿದ ಕ್ಷಣದಿಂದ ಎಷ್ಟು ಸೆಕೆಂಡಿಗೆ ಅಳತೆ ಶುರುವಾಯಿತು ಎಂಬುದನ್ನೂ ಕೊಡಲು ಇವತ್ತಿನ ಕಂಪ್ಯೂಟರುಗಳಲ್ಲಿ ಜಾಗಕ್ಕೆ ಬರವಿಲ್ಲ. ಕರ್ವಿನಿಂದ ಗಾತ್ರಗಳ ಹರಹನ್ನು ತೆಗೆಯುವ ಲೆಕ್ಕ ಒಂದೇ ಉತ್ತರ ಇರುವ ಲೆಕ್ಕವಲ್ಲ. 1982ರಲ್ಲಿ ಪ್ರೊವೆಂಚರ್ ಕಾಂಟಿನ್ ಎಂಬ ಪ್ರೋಗ್ರಾಂ ಕೊಟ್ಟಾಗಿನಿಂದ ಅದಕ್ಕೆ ಹೊಸ ಹೊಸ ವಿಧಾನಗಳು ಬರುತ್ತಲೇ ಇವೆ. ಮೂಲ ಕರ್ವ್ ಉಳಿಸಿಟ್ಟವರ ಅಳತೆಯನ್ನು ಮಾತ್ರ ಅವುಗಳಲ್ಲಿ ಮತ್ತೆ ಹಾಕಿ ನೋಡಬಹುದು.